ಜೋಗದಿಂದ ಚೇಣಿಯವರೆಗೆ: ಒಂದು ಚಾನೆಲ್ ತನ್ನ ವಿಷಯ ಕಂಡುಕೊಂಡ ಬಗೆ

ಇದು ತೀರ್ಥಹಳ್ಳಿ ಮತ್ತು ಹೊಸನಗರದ ನಡುವಿನ ಒಂದು ಊರಿನಲ್ಲಿ ಯೂಟ್ಯೂಬ್ ಚಾನೆಲ್ ಆರಂಭಿಸಿದ ಅಣ್ಣ ತಂಗಿಯ ಪ್ರಕರಣ. ಚೇಣಿ ಎಂದರೆ ಮರದ ಮೇಲಿನ ಅಡಿಕೆ ಫಸಲನ್ನು ಕೊಯ್ಲಿನ ಮೊದಲೇ ಒಬ್ಬರಿಗೆ ವಹಿಸುವ ಕರಾರು. ಅವರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ಹೆಸರು, ಊರು, ಚಾನೆಲ್ಲಿನ ಹೆಸರು ಬಿಟ್ಟಿದ್ದೇನೆ, ಗುರುತು ಹತ್ತಬಹುದಾದ ಒಂದೆರಡು ವಿವರ ಬದಲಿಸಿದ್ದೇನೆ, ಅವರ ಅಂಕಿಗಳನ್ನು ಪೂರ್ಣಾಂಕಕ್ಕೆ ತಂದಿದ್ದೇನೆ. ನಾನು ಶಿವಮೊಗ್ಗದಲ್ಲಿ ಧ್ವನಿಮುದ್ರಣದ ಕೆಲಸ ಮಾಡುವವನು. ಯಾವ ಮೈಕ್ ಕೊಳ್ಳಬೇಕು ಎಂದು ಕೇಳಲು ಬಂದಿದ್ದರು. ಆ ಮಾತು ಅರ್ಧ ಗಂಟೆಯಲ್ಲಿ ಮುಗಿಯಿತು. ಯಾವುದರ ಬಗ್ಗೆ ಮಾತನಾಡಬೇಕು ಎಂಬುದು ತೀರ್ಮಾನವಾಗಲು ಒಂದು ವರ್ಷಕ್ಕಿಂತ ಹೆಚ್ಚು ಕಾಲ ಹಿಡಿಯಿತು.

ಹಿನ್ನೆಲೆ

ಅಣ್ಣನಿಗೆ ಆಗ ಮೂವತ್ತಾರು ವರ್ಷ. ಬೆಂಗಳೂರಿನಲ್ಲಿ ಆರು ವರ್ಷ ಕೆಲಸ ಮಾಡಿ, ಅಪ್ಪನಿಗೆ ತೋಟ ಇಳಿದು ಹತ್ತಲು ಆಗದಾದಾಗ ಊರಿಗೆ ಮರಳಿದವರು. ಎರಡೂವರೆ ಎಕರೆ ಅಡಿಕೆ ತೋಟ, ಮರಗಳಿಗೆ ಹಬ್ಬಿದ ಕಾಳುಮೆಣಸು, ಊಟಕ್ಕಾಗುವಷ್ಟು ಗದ್ದೆ. ತಂಗಿ ಶಿವಮೊಗ್ಗದ ಒಂದು ಪ್ರೌಢಶಾಲೆಯಲ್ಲಿ ವಿಜ್ಞಾನ ಶಿಕ್ಷಕಿ. ಶನಿವಾರ ಶಾಲೆ ಬಿಟ್ಟೊಡನೆ ಬಸ್ ಹಿಡಿದು ಊರಿಗೆ ಬರುತ್ತಾರೆ. ಮಾತು ಅಣ್ಣನದು, ಸಂಕಲನ ತಂಗಿಯದು ಎಂದು ಮೊದಲೇ ಹಂಚಿಕೊಂಡಿದ್ದರು. ಕೈಯಲ್ಲಿದ್ದದ್ದು ಒಂದು ಮೊಬೈಲ್, ಅಂಗಿಗೆ ಸಿಕ್ಕಿಸುವ ಎರಡು ಮೈಕ್, ಒಂದು ಟ್ರೈಪಾಡ್. ಮನೆಯಲ್ಲಿ ಇಂಟರ್ನೆಟ್ ಸರಿಯಾಗಿ ಸಿಗುವುದಿಲ್ಲ. ವಿಡಿಯೊ ಏರಿಸಬೇಕಾದರೆ ಹಿಂದಿನ ಗುಡ್ಡ ಹತ್ತಬೇಕು, ಇಲ್ಲವೇ ತಂಗಿ ಶಿವಮೊಗ್ಗಕ್ಕೆ ಮರಳುವವರೆಗೆ ಕಾಯಬೇಕು.

2022ರ ಮೇ ತಿಂಗಳಲ್ಲಿ ಆರಂಭಿಸಿದಾಗ ವಿಷಯ ಏನೆಂದು ಕೇಳಿದೆ. "ಮಲೆನಾಡು" ಎಂದರು. ಮಲೆನಾಡಿನಲ್ಲಿ ಯಾವುದು ಎಂದು ಕೇಳಿದರೆ ಎಲ್ಲವೂ. ಜಲಪಾತ, ಕಡುಬು, ಇಕ್ಕೇರಿಯ ದೇವಸ್ಥಾನ, ಕವಲೇದುರ್ಗದ ಕೋಟೆ, ಆಗುಂಬೆಯ ಮಳೆ, ಅಪ್ಪೆಮಿಡಿ ಉಪ್ಪಿನಕಾಯಿ. ಇಬ್ಬರಿಗೂ ಈ ನೆಲದ ಮೇಲೆ ನಿಜವಾದ ಪ್ರೀತಿ ಇತ್ತು. ಅದನ್ನು ಕಂಡು ನಾನೂ ತಡೆಯಲಿಲ್ಲ.

ಮೊದಲ ಮಳೆಗಾಲ

ಜುಲೈನಲ್ಲಿ ಜೋಗದ ವಿಡಿಯೊ ಬಂತು. ಶರಾವತಿ 253 ಮೀಟರ್ ಎತ್ತರದಿಂದ ರಾಜ, ರಾಣಿ, ರೋರರ್, ರಾಕೆಟ್ ಎಂಬ ನಾಲ್ಕು ಕವಲಾಗಿ ಬೀಳುವುದನ್ನು ಮಲೆನಾಡಿನವರು ಎಷ್ಟು ಸಲ ನೋಡಿದ್ದರೂ ಮತ್ತೊಮ್ಮೆ ನೋಡುತ್ತಾರೆ, ಹೊರಗಿನವರಂತೂ ಬಿಡದೆ ನೋಡುತ್ತಾರೆ. ನಾಲ್ಕು ನಿಮಿಷದ ಆ ವಿಡಿಯೊವನ್ನು ಅರವತ್ತು ಸಾವಿರ ಜನ ತೆರೆದರು. ಮನೆಯಲ್ಲಿ ಹಬ್ಬದ ಸಂಭ್ರಮ. ಮುಂದಿನ ವಾರದ ಇಕ್ಕೇರಿ ವಿಡಿಯೊವನ್ನು ನೋಡಿದವರು ಇನ್ನೂರ ಹತ್ತು ಮಂದಿ, ಅದರಾಚೆಯ ವಾರದ ಕೆಸುವಿನ ಪತ್ರೊಡೆಯನ್ನು ನೋಡಿದವರು ನೂರ ಎಂಬತ್ತು.

ಹೀಗಾದಾಗ ಬಹಳ ಜನ ಮಾಡುವುದನ್ನೇ ಇವರೂ ಮಾಡಿದರು. ಇನ್ನೊಂದು ಜೋಗ ಹುಡುಕಿಕೊಂಡು ಹೊರಟರು. ಜುಲೈಯ ಉಳಿದ ದಿನಗಳೆಲ್ಲ ಬೈಕಿನ ಮೇಲೆ ಕಳೆದವು. ಮಲೆನಾಡಿನ ಜಲಪಾತಗಳು ಮೈದುಂಬುವ ದಿನಗಳೇ ಅಡಿಕೆಗೆ ಎರಡನೆಯ ಔಷಧಿ ಹೊಡೆಯುವ ದಿನಗಳು ಎಂಬುದು ಇಬ್ಬರಿಗೂ ಗೊತ್ತಿದ್ದೇ ಇತ್ತು, ಆದರೆ ಎರಡನ್ನೂ ಒಂದೇ ಪಂಚಾಂಗದಲ್ಲಿ ಇಟ್ಟು ನೋಡಿರಲಿಲ್ಲ.

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಎಳೆಯ ಅಡಿಕೆ ಕೊಳೆತು ಉದುರುವ ಕೊಳೆರೋಗ ಬಾರದಂತೆ ಮಳೆ ಹಿಡಿಯುವ ಮೊದಲು ಒಮ್ಮೆ, ಅದಾದ ನಲವತ್ತು ನಲವತ್ತೈದು ದಿನಕ್ಕೆ ಇನ್ನೊಮ್ಮೆ ಮೈಲುತುತ್ತ (ತಾಮ್ರದ ಸಲ್ಫೇಟ್) ಮತ್ತು ಸುಣ್ಣ ಬೆರೆಸಿದ ಬೋರ್ಡೊ ದ್ರಾವಣ ಹೊಡೆಯಬೇಕು. ಮೊದಲನೆಯದಕ್ಕೆ ಬಿಸಿಲು ಇರುತ್ತದೆ. ಎರಡನೆಯದಕ್ಕೆ ಮಳೆ ನಡುವೆ ಬಿಟ್ಟು ಹೊಳವಾಗುವುದನ್ನೇ ಕಾಯಬೇಕು. ಹೊಳವಾದ ದಿನ ಊರಿನ ಎಲ್ಲ ತೋಟಗಳಿಗೂ ಮರ ಹತ್ತುವ ಅದೇ ಇಬ್ಬರು ಮೂವರು ಬೇಕು. ಆ ಜುಲೈನಲ್ಲಿ ಎರಡು ದಿನ ಹೊಳವಾಯಿತು. ಮರ ಹತ್ತಿ ಔಷಧಿ ಹೊಡೆಯುವ, ಕೊನೆ ಕೊಯ್ಯುವ ಕೊನೆಗೌಡ ಬೆಳಿಗ್ಗೆ ಏಳಕ್ಕೆ ಬಂದು ಅಂಗಳದಲ್ಲಿ ನಿಂತಾಗ ಅಣ್ಣ ಆಗುಂಬೆಯ ದಾರಿಯಲ್ಲಿದ್ದರು. ಮೈಲುತುತ್ತ ಕರಗಿಸಿರಲಿಲ್ಲ, ಸುಣ್ಣ ನೆನೆಹಾಕಿರಲಿಲ್ಲ. ಅರ್ಧ ಗಂಟೆ ಕಾದು ಆತ ಪಕ್ಕದ ತೋಟಕ್ಕೆ ಹೋದ. ಮರುದಿನ ಸಂಜೆ ಹಿಡಿದ ಮಳೆ ಹನ್ನೊಂದು ದಿನ ಬಿಡಲಿಲ್ಲ.

ಆಗಸ್ಟಿನಲ್ಲಿ ನಾನು ಅವರ ತೋಟಕ್ಕೆ ಹೋಗಿದ್ದೆ. ಮರದ ಬುಡದಲ್ಲೆಲ್ಲ ಎಳೆಯ ಕಾಯಿ ಬಿದ್ದಿದ್ದವು. ತೊಟ್ಟಿನ ಕಡೆಯಿಂದ ನೀರು ಕುಡಿದಂತೆ ಕಡುಹಸಿರಾಗಿ, ಮೈಮೇಲೆ ಹತ್ತಿಯಂಥ ಬಿಳಿ ಬೂಷ್ಟು. ಕೈಯಲ್ಲಿ ಹಿಡಿದರೆ ಮೆತ್ತಗೆ ಜಾರುತ್ತಿದ್ದವು. ಅಪ್ಪ ಒಂದೂ ಮಾತನಾಡದೆ ಅಡಿಕೆ ಹಾಳೆಯ ಮೊಗೆಯಲ್ಲಿ ಅವನ್ನು ಹೆಕ್ಕಿ ತುಂಬುತ್ತಿದ್ದರು. ಆ ವರ್ಷ ಫಸಲಿನ ಮೂರರಲ್ಲಿ ಒಂದು ಪಾಲು ಹೋಯಿತು.

ಲೆಕ್ಕ ಹಾಕಿ ನೋಡಿದಾಗ

ತಂಗಿ ಚಾನೆಲ್ಲಿನ ಅಂಕಿಗಳನ್ನು ತೆರೆದು ಕೂತದ್ದು ಆಗ. ಜೋಗ ನೋಡಿದ ಅರವತ್ತು ಸಾವಿರ ಜನ ಸರಾಸರಿ ನಲವತ್ತು ಸೆಕೆಂಡು ಇದ್ದು ಹೊರಟಿದ್ದರು. ಮತ್ತೆ ಬಂದವರು ಇಲ್ಲವೆನ್ನುವಷ್ಟು ಕಡಿಮೆ. ಬಂದವರಿಗೆ ಬೇಕಾದದ್ದು ಜೋಗ. ಅದನ್ನು ಯಾರು ತೋರಿಸುತ್ತಿದ್ದಾರೆ ಎಂಬುದು ಅವರಿಗೆ ಮುಖ್ಯವೇ ಆಗಿರಲಿಲ್ಲ. "ಅಣ್ಣ, ನಾವು ಬಸ್ ಸ್ಟ್ಯಾಂಡಿನಲ್ಲಿ ಅಂಗಡಿ ಇಟ್ಟಿದ್ದೇವೆ. ಜನ ಇದ್ದಾರೆ, ಗಿರಾಕಿ ಇಲ್ಲ" ಎಂದು ಆಕೆ ಹೇಳಿದ್ದನ್ನು ನಾನು ಈಗಲೂ ಬೇರೆಯವರಿಗೆ ಹೇಳುತ್ತಿರುತ್ತೇನೆ.

ಮುಳುಗಡೆಯ ಕಥೆಗಳು

ಎರಡನೆಯ ಪ್ರಯತ್ನ ತಂಗಿಯದು. ಅಮ್ಮನ ತವರು ಶರಾವತಿ ಕಣಿವೆ. ಲಿಂಗನಮಕ್ಕಿ ಅಣೆಕಟ್ಟು 1964ರಲ್ಲಿ ಎದ್ದಾಗ ಅವರ ಊರು ಹಿನ್ನೀರಿನಡಿ ಹೋಯಿತು. ಆಗ ಇಪ್ಪತ್ತರ ಹರೆಯದಲ್ಲಿದ್ದವರು ಈಗ ಎಂಬತ್ತರ ಆಸುಪಾಸು. ಅವರ ಮಾತುಗಳನ್ನು ಧ್ವನಿಯಲ್ಲಿ ಹಿಡಿದಿಡಬೇಕು ಎಂದು ಆಕೆಗೆ ಬಹಳ ದಿನದಿಂದ ಇತ್ತು. ನವೆಂಬರಿನಿಂದ ಶನಿವಾರ, ಭಾನುವಾರ ಮನೆಮನೆಗೆ ಹೋಗಿ ಮುದ್ರಿಸಿಕೊಂಡರು.

ನಾನು ಕೇಳಿದ ಕನ್ನಡ ಪಾಡ್‌ಕಾಸ್ಟ್‌ಗಳಲ್ಲಿ ಇಷ್ಟು ಮನಸ್ಸು ಕಲಕಿದ್ದು ಬೇರೆ ಇಲ್ಲ. ಒಬ್ಬ ಅಜ್ಜಿ ಮನೆ ಬಿಡುವ ದಿನ ಒಲೆಯ ಬೂದಿ ತೆಗೆದು ಸಾರಿಸಿ ರಂಗೋಲಿ ಇಟ್ಟು ಬಂದದ್ದನ್ನು ಹೇಳುವಾಗ, ಮಧ್ಯದಲ್ಲಿ ಹನ್ನೆರಡು ಸೆಕೆಂಡು ಮೌನ ಇದೆ. ತಂಗಿ ಅದನ್ನು ಕತ್ತರಿಸಲಿಲ್ಲ.

ಆರನೆಯ ಸಂಚಿಕೆ ಬಂದ ಮೇಲೆ ಒಬ್ಬ ಹಿರಿಯರ ಮಗ ಕರೆ ಮಾಡಿದರು. ಅಪ್ಪ ಜಮೀನಿನ ದಾಖಲೆಯ ವಿಚಾರ ಮಾತನಾಡಿದ್ದಾರೆ, ಸಂತ್ರಸ್ತರ ಹಕ್ಕುಪತ್ರದ ತಕರಾರು ಇನ್ನೂ ಬಗೆಹರಿದಿಲ್ಲ, ದಯವಿಟ್ಟು ತೆಗೆಯಿರಿ ಎಂದು. ಅದೇ ರಾತ್ರಿ ಅಣ್ಣ ಗುಡ್ಡ ಹತ್ತಿ ಆ ಸಂಚಿಕೆ ತೆಗೆದರು. ಮುದ್ರಣದ ಮೊದಲು ಹಿರಿಯರ ಒಪ್ಪಿಗೆ ಕೇಳಿದ್ದರು, ಮನೆಯವರನ್ನು ಕೇಳಿರಲಿಲ್ಲ. ಎಂಬತ್ತು ದಾಟಿದವರ ಮಾತಿನ ಪರಿಣಾಮವನ್ನು ಹೊರುವವರು ಮಕ್ಕಳು ಎಂಬುದು ನನಗೂ ಹೊಳೆದಿರಲಿಲ್ಲ.

ಆ ಭಾನುವಾರ ತಂಗಿ ಒಂದು ಹಾಳೆಯಲ್ಲಿ ಮುಂದಿನ ಸಂಚಿಕೆಗಳ ಹೆಸರು ಬರೆಯಲು ಕೂತರು. ಮಾತನಾಡುವ ಶಕ್ತಿ ಇರುವವರು, ಮಾತನಾಡಲು ಒಪ್ಪುವವರು, ಮನೆಯವರೂ ಒಪ್ಪುವವರು ಎಂದು ಎಣಿಸಿದರೆ ಹನ್ನೊಂದಕ್ಕೆ ನಿಂತಿತು. ಇಲ್ಲಿ ಅವರು ತೆಗೆದುಕೊಂಡ ತೀರ್ಮಾನ ನನಗೆ ಈ ಇಡೀ ಪ್ರಕರಣದಲ್ಲಿ ಅತ್ಯಂತ ಪ್ರೌಢವಾದದ್ದು ಎನಿಸುತ್ತದೆ. ಹನ್ನೊಂದನ್ನು ಇಪ್ಪತ್ತೈದಕ್ಕೆ ಎಳೆಯಲಿಲ್ಲ, ಹೇಳಿದವರಿಂದಲೇ ಮತ್ತೆ ಹೇಳಿಸಲಿಲ್ಲ. ಇದು ಮಾಲೆ, ಮುಗಿಯಬೇಕಾದದ್ದು, ಚಾನೆಲ್ ಬೇರೆ ಎಂದು ಒಪ್ಪಿಕೊಂಡು ಒಂಬತ್ತು ಸಂಚಿಕೆಗೆ ಗೌರವದಿಂದ ಮುಗಿಸಿದರು. ಆ ಒಂಬತ್ತೂ ಈಗಲೂ ಬೇರೆ ಹೆಸರಿನಲ್ಲಿ ಪ್ರತ್ಯೇಕವಾಗಿ ಇವೆ. ಒಳ್ಳೆಯ ವಿಷಯವೆಲ್ಲ ವರ್ಷಗಟ್ಟಲೆ ನಡೆಯುವ ವಿಷಯವಾಗಬೇಕಿಲ್ಲ. ಅದು ಗೊತ್ತಾಗದೆ ಎಷ್ಟೋ ಜನ ಒಂದು ಅಪರೂಪದ ಮಾಲೆಯನ್ನು ಹಿಗ್ಗಿಸಿ ಹಿಗ್ಗಿಸಿ ಕೆಡಿಸುತ್ತಾರೆ.

ಲೆಕ್ಕದ ಪುಸ್ತಕದ ಮೂರನೆಯ ಕಾಲಂ

ಇಲ್ಲಿ ಸ್ವಲ್ಪ ಹಿಂದಕ್ಕೆ ಹೋಗಬೇಕು. ಕೊಳೆ ಬಂದ ವರ್ಷದ ಸೆಪ್ಟೆಂಬರಿನಲ್ಲಿ ಅಣ್ಣ ಒಂದು ವಿಡಿಯೊ ಮಾಡಿದ್ದರು. ಯೋಜನೆ ಹಾಕಿ ಮಾಡಿದ್ದಲ್ಲ. ಬಿದ್ದ ಕಾಯಿಯ ರಾಶಿಯ ಪಕ್ಕ ನಿಂತು, ತಾನು ಎಲ್ಲೆಲ್ಲಿ ತಪ್ಪಿದೆ ಎಂದು ಹನ್ನೊಂದು ನಿಮಿಷ ಮಾತನಾಡಿದ್ದರು. ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ ಎಂಬುದು ಎಲ್ಲರಿಗೂ ಬಾಯಿಪಾಠ. ಆದರೆ ತಾನು ಮೊದಲ ಸಲ ಹೊಡೆದಾಗಲೇ ಸುಣ್ಣ ಹಳೆಯದಾಗಿ ಸತ್ತ ಸುಣ್ಣವಾಗಿತ್ತು, ದ್ರಾವಣಕ್ಕೆ ಕಬ್ಬಿಣದ ಕತ್ತಿ ಅದ್ದಿ ನೋಡಲಿಲ್ಲ, ಅದ್ದಿದ್ದರೆ ಅಲಗಿಗೆ ತಾಮ್ರದ ಕೆಂಪು ಹತ್ತಿ ಹುಳಿ ಹೆಚ್ಚಾಗಿದೆ ಎಂದು ತಿಳಿಯುತ್ತಿತ್ತು ಎಂದರು. ಎರಡನೆಯ ಸಲ ಮನೆಯಲ್ಲೇ ಇರಲಿಲ್ಲ ಎಂಬುದನ್ನೂ ಮುಚ್ಚಿಡಲಿಲ್ಲ.

ನೋಡಿದವರು ಒಂಬೈನೂರು ಮಂದಿ. ಆದರೆ ಫೋನ್ ಬರತೊಡಗಿದವು. ಪರಿಚಿತರ ಪರಿಚಿತರು ಎಲ್ಲಿಂದಲೋ ನಂಬರ್ ಹುಡುಕಿ ಕರೆ ಮಾಡುತ್ತಿದ್ದರು. ಅಣ್ಣ ಆ ಪ್ರಶ್ನೆಗಳನ್ನು ಕೂಲಿ ಲೆಕ್ಕ ಬರೆಯುವ ಪುಸ್ತಕದ ಹಿಂಬದಿಯಲ್ಲಿ ಬರೆದಿಡುತ್ತಿದ್ದರು. ಒಂದು ಕಾಲಂ ದಿನಾಂಕ, ಇನ್ನೊಂದು ಪ್ರಶ್ನೆ.

ಮುಳುಗಡೆ ಮಾಲೆ ಮುಗಿದ ಮೇಲೆ, 2023ರ ಜೂನ್ ಹೊತ್ತಿಗೆ, ಅರವತ್ತಮೂರು ಪ್ರಶ್ನೆಗಳಾಗಿದ್ದವು. ಹಾಗಾದರೆ ಅಡಿಕೆ ರೋಗಗಳ ಬಗ್ಗೆಯೇ ಚಾನೆಲ್ ಮಾಡೋಣ ಎಂಬುದು ಅಣ್ಣನ ಮನಸ್ಸು. ಕೊಳೆ ಇದೆ, ಎಲೆಚುಕ್ಕಿ ಇದೆ, ಹಳದಿ ಎಲೆ ಇದೆ, ಜನರಿಗೆ ಆತಂಕ ಇದೆ. ತಂಗಿ ಒಪ್ಪಲಿಲ್ಲ. "ರೋಗಕ್ಕೆ ವಿಶ್ವವಿದ್ಯಾಲಯ ಇದೆ, ತೋಟಗಾರಿಕೆ ಇಲಾಖೆ ಇದೆ. ನೀನು ಒಂದು ಔಷಧಿಯ ಪ್ರಮಾಣ ತಪ್ಪು ಹೇಳಿದರೆ ಇನ್ನೊಬ್ಬರ ತೋಟ ಹೋಗುತ್ತದೆ" ಎಂದರು. ಎಲೆಚುಕ್ಕಿಯ ಭಯದಲ್ಲಿ ಸಿಕ್ಕ ಸಿಕ್ಕ ಔಷಧಿ ಹೊಡೆದು ಕೈ ಸುಟ್ಟುಕೊಂಡವರನ್ನು ನಾನೂ ಕಂಡಿದ್ದೇನೆ. ಆಕೆಯ ಮಾತಿಗೆ ನನ್ನ ಪೂರ್ತಿ ಒಪ್ಪಿಗೆ ಇತ್ತು.

ಆಮೇಲೆ ಆಕೆ ಆ ಪುಸ್ತಕಕ್ಕೆ ಮೂರನೆಯ ಕಾಲಂ ಎಳೆದರು. "ಎಲ್ಲಿಂದ?" ಅಣ್ಣ ನೆನಪು ಮಾಡಿಕೊಂಡು, ನಂಬರ್ ನೋಡಿ, ಕೆಲವರಿಗೆ ಮತ್ತೆ ಕರೆ ಮಾಡಿ ತುಂಬಿದರು. ಅರವತ್ತಮೂರರಲ್ಲಿ ಮೂವತ್ತೆಂಟು ಕರೆ ಬೆಂಗಳೂರು, ಮೈಸೂರು, ಹುಬ್ಬಳ್ಳಿ, ಪುಣೆಯಂಥ ಕಡೆಯಿಂದ. ತೋಟ ಮಲೆನಾಡಿನಲ್ಲಿ, ಕೆಲಸ ಹೊರಗೆ, ತೋಟದ ಮನೆಯಲ್ಲಿ ವಯಸ್ಸಾದ ಅಪ್ಪ ಅಮ್ಮ. ಮಾತು ಶುರುವಾಗುವುದು ಕೊಳೆಯಿಂದ, ನಿಲ್ಲುವುದು ಬೇರೆಡೆ. ಕೊನೆಗೌಡ ಸಿಗುತ್ತಿಲ್ಲ, ಏನು ಮಾಡಲಿ? ಈ ವರ್ಷ ಚೇಣಿಗೆ ಕೊಡೋಣ ಎನ್ನುತ್ತಾರೆ ಅಪ್ಪ, ದರ ಸರಿಯೇ? ಅಪ್ಪನ ಮನಸ್ಸಿಗೆ ನೋವಾಗದ ಹಾಗೆ ಲೆಕ್ಕ ಕೇಳುವುದು ಹೇಗೆ?

ಕೊನೆಯ ಪ್ರಶ್ನೆಯನ್ನು ಐದು ಮಂದಿ ಐದು ರೀತಿಯಲ್ಲಿ ಕೇಳಿದ್ದರು. ತಂಗಿ ಅದನ್ನು ಗಟ್ಟಿಯಾಗಿ ಓದಿದಾಗ ಅಣ್ಣ ಸುಮ್ಮನಾದರು. ಬೆಂಗಳೂರಿನ ಆರು ವರ್ಷ ಅವರೂ ಅದೇ ಪ್ರಶ್ನೆ ಇಟ್ಟುಕೊಂಡಿದ್ದವರು.

ಅಂದು ಸಂಜೆ ವಿಷಯ ನಿಂತಿತು: ದೂರದಲ್ಲಿದ್ದುಕೊಂಡು ಅಡಿಕೆ ತೋಟ ನೋಡಿಕೊಳ್ಳುವುದು, ಅದರ ಲೆಕ್ಕ, ಕರಾರು, ಮನೆಯ ಮಾತು. ಸಂಚಿಕೆಗಳ ಹೆಸರು ಬರೆಯಲು ಕೂತರೆ ಊಟದ ಹೊತ್ತಿಗೆ ನಲವತ್ತಾರು. ಚೇಣಿ, ಕೊಯ್ಲಿನ ಕೂಲಿ, ಉದುರು ಅಡಿಕೆ ಯಾರಿಗೆ, ಸರಕು ಬೆಟ್ಟೆ ರಾಶಿ ಗೊರಬಲು ಎಂಬ ಮಾರುಕಟ್ಟೆಯ ವಿಂಗಡಣೆ, ಪತ್ರಿಕೆಯಲ್ಲಿ ಬರುವ ದರವನ್ನು ಓದುವುದು ಹೇಗೆ, ಪಹಣಿ, ಅಣ್ಣತಮ್ಮಂದಿರ ಹಿಸ್ಸೆ, ತೋಟಕ್ಕೆ ಸೊಪ್ಪು ತರುವ ಸೊಪ್ಪಿನ ಬೆಟ್ಟ.

ಧ್ವನಿಯೋ ದೃಶ್ಯವೋ ಎಂಬ ಪ್ರಶ್ನೆಗೂ ಕೇಳುಗರೇ ಉತ್ತರ ಕೊಟ್ಟರು. ಬೆಂಗಳೂರಿನ ಬಸ್ಸಿನಲ್ಲಿ ನಿಂತವನಿಗೆ ಕಿವಿ ಬಿಡುವಾಗಿದೆ. ಊರಿನಲ್ಲಿ ರಾತ್ರಿ ಮೆಟ್ಟುಗತ್ತಿಯ ಮುಂದೆ ಅಡಿಕೆ ಸುಲಿಯುವ ಅಮ್ಮನಿಗೂ ಕಣ್ಣು ಕೈ ಕೆಲಸದಲ್ಲಿ, ಕಿವಿ ಮಾತ್ರ ಬಿಡುವು. ಹಿಂದೆ ಆ ಹೊತ್ತಿಗೆ ಭದ್ರಾವತಿ ಆಕಾಶವಾಣಿ ಇರುತ್ತಿತ್ತು. ಹದಿನೈದು ದಿನಕ್ಕೊಮ್ಮೆ ಇಪ್ಪತ್ತೈದು ನಿಮಿಷದ ಧ್ವನಿ, ಕೈಯಿಂದ ತೋರಿಸಲೇಬೇಕಾದಾಗ ಮಾತ್ರ ವಿಡಿಯೊ ಎಂದಾಯಿತು. ಮುದ್ರಣ ಅಡಿಕೆ ಮೂಟೆಗಳ ಕೋಣೆಯಲ್ಲಿ. ಗೋಡೆಗೆ ಒತ್ತಿ ಪೇರಿಸಿದ ಗೋಣಿ ಮೂಟೆಗಳು ಪ್ರತಿಧ್ವನಿಯನ್ನು ಪೂರಾ ನುಂಗುತ್ತಿದ್ದವು. ನಗರದ ಸ್ಟುಡಿಯೊ ಗೋಡೆಗೆ ಹಾಕುವ ದುಬಾರಿ ಫೋಮ್ ಅದಕ್ಕಿಂತ ಮೇಲೇನಲ್ಲ.

ಅಂಗಳಕ್ಕೆ ಬಂದ ಚೇಣಿದಾರರು

ಮೂರನೆಯ ಸಂಚಿಕೆ ಚೇಣಿಯದು. ತಿಳಿಯದವರಿಗೆ ಒಂದು ಮಾತು: ಮರದ ಮೇಲಿನ ಫಸಲನ್ನು ಕೊಯ್ಲಿನ ಮೊದಲೇ ಒಬ್ಬರಿಗೆ ವಹಿಸುವುದು ಚೇಣಿ. ಕೆಲವರು ಇಡೀ ತೋಟಕ್ಕೆ ಕಣ್ಣಂದಾಜಿನಲ್ಲಿ ಒಟ್ಟು ಮೊತ್ತ ಮಾತನಾಡುತ್ತಾರೆ, ಕೆಲವರು ಹಸಿ ಅಡಿಕೆಯನ್ನು ತೂಗಿ ಕ್ವಿಂಟಲ್ಲಿಗೆ ಇಷ್ಟು ಎಂದು. ಇನ್ನು ಕೆಲವರು ನೂರು ಕಿಲೋ ಹಸಿ ಅಡಿಕೆಗೆ ಹನ್ನೆರಡೋ ಹದಿಮೂರೋ ಕಿಲೋ ಒಣ ಅಡಿಕೆ ಮರಳಿ ಕೊಡುವಂತೆ. ಆ ಅರ್ಧ ಕಿಲೋ, ಒಂದು ಕಿಲೋ ವ್ಯತ್ಯಾಸದಲ್ಲಿ ದೊಡ್ಡ ಮೊತ್ತ ಇದೆ. ಅಣ್ಣ ಒಂದು ತೋಟದ ಉದಾಹರಣೆ ಹಿಡಿದು, ತೋಟದವರು ಎಲ್ಲೆಲ್ಲಿ ಕಳೆದುಕೊಳ್ಳುತ್ತಾರೆ ಎಂದು ಲೆಕ್ಕ ಬಿಡಿಸಿದರು. ಹೆಸರು ಹೇಳಿರಲಿಲ್ಲ. ಇಪ್ಪತ್ತು ಮನೆಯ ಊರಿನಲ್ಲಿ ಹೆಸರು ಹೇಳಬೇಕಾಗಿಯೂ ಇಲ್ಲ.

ನಾಲ್ಕನೆಯ ದಿನ ಬೆಳಿಗ್ಗೆ ಚೇಣಿದಾರರು ಅಂಗಳಕ್ಕೆ ಬಂದರು. ಐವತ್ತು ದಾಟಿದವರು, ಮೂವತ್ತು ವರ್ಷದಿಂದ ಇದೇ ಕಸುಬು. ಜಗಳ ಮಾಡಲಿಲ್ಲ. ಜಗಲಿಯ ಮೇಲೆ ಕೂತು ನೀರು ಕುಡಿದು ಹೇಳಿದರು: "ನಿಮ್ಮ ಲೆಕ್ಕ ತಪ್ಪಿಲ್ಲ ಮಾರಾಯರೇ. ಆದರೆ ಅರ್ಧ ಲೆಕ್ಕ. ಬೇಯಿಸಿ ಹರವಿದ ಮೇಲೆ ಮೂರು ದಿನ ಮೋಡ ಕವಿದರೆ ಅಡಿಕೆ ಏನಾಗುತ್ತದೆ, ಅದನ್ನು ಯಾಕೆ ಹೇಳಲಿಲ್ಲ?"

ಅಣ್ಣ ನನಗೆ ಫೋನ್ ಮಾಡಿದರು. ಸಂಚಿಕೆ ತೆಗೆಯಬೇಡಿ, ಸುಳ್ಳು ಹೇಳಿಲ್ಲವಲ್ಲ ಎಂದೆ ನಾನು. ಅವರು ನನ್ನ ಮಾತು ಕೇಳಲಿಲ್ಲ. ಅಂದೇ ತೆಗೆದರು. ಮೂರು ವಾರದ ನಂತರ ಅದೇ ಚೇಣಿದಾರರನ್ನು ಮೂಟೆ ಕೋಣೆಗೆ ಕರೆದು ಕೂರಿಸಿ ಹೊಸದಾಗಿ ಮುದ್ರಿಸಿದರು. ಸುಲಿಯುವವರ ಕೂಲಿ, ಹಂಡೆಗೆ ಕಟ್ಟಿಗೆ, ಅಡಿಕೆಗೆ ಬಣ್ಣ ಕೊಡುವ ಚೊಗರು, ಒಣಗಿಸುವಾಗಿನ ಮಳೆ, ಮಾತು ಕೊಟ್ಟ ದಿನಕ್ಕೂ ಮಾರುವ ದಿನಕ್ಕೂ ನಡುವೆ ಇಳಿಯುವ ದರ. ಎಲ್ಲವನ್ನೂ ಅವರು ಒಂದೊಂದಾಗಿ ಹೇಳಿದರು. ಅಣ್ಣ ತೋಟದವರ ಪರವಾಗಿ ಕೇಳಿದರು: ತೂಗುವಾಗ ಯಾರು ನಿಲ್ಲಬೇಕು, ಕೊಳೆ ಬಂದರೆ ನಷ್ಟ ಯಾರದು, ಕೊನೆಗೌಡನ ಕೂಲಿ ಯಾರು ಕೊಡಬೇಕು, ಲೆಕ್ಕ ಚುಕ್ತಾ ಆಗುವುದು ಯಾವ ತಿಂಗಳು. ಉತ್ತರ ಸಿಗದೆ ಉಳಿದ ಎರಡು ಪ್ರಶ್ನೆಗಳೂ ಸಂಚಿಕೆಯಲ್ಲಿ ಹಾಗೆಯೇ ಉಳಿದವು.

ಆ ಸಂಚಿಕೆ ಮನೆಮನೆಯ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಓಡಾಡಿತು. ಕೇಳಿದವರು ಸಾವಿರದ ಒಂಬೈನೂರು, ಸರಾಸರಿ ಹದಿನಾಲ್ಕು ನಿಮಿಷ. ಜೋಗದ ಜನರಿಗೆ ಹೋಲಿಸಿದರೆ ಮೂವತ್ತರಲ್ಲಿ ಒಂದು ಪಾಲು, ಆದರೆ ಕೂತು ಕೇಳಿದ ಒಟ್ಟು ಹೊತ್ತು ಜೋಗದ ಮೂರರಲ್ಲಿ ಎರಡು ಪಾಲು. ವಿಜ್ಞಾನ ಶಿಕ್ಷಕಿ ಇದನ್ನು ಗುಣಿಸಿ ತೋರಿಸಿದಾಗ ನಾನು ಬೆರಗಾದೆ.

ಇದರಿಂದ ತಿಳಿದದ್ದು

ವಿಷಯ ಆರಿಸುವವರಿಗೆ ಸಾಮಾನ್ಯವಾಗಿ ಎರಡು ಸಲಹೆ ಸಿಗುತ್ತವೆ. ನಿಮಗೆ ಇಷ್ಟವಾದದ್ದನ್ನು ಹಿಡಿಯಿರಿ ಎಂಬುದು ಒಂದು, ಜನ ಹುಡುಕುವುದನ್ನು ಹಿಡಿಯಿರಿ ಎಂಬುದು ಇನ್ನೊಂದು. ಮಲೆನಾಡು ಇವರಿಗೆ ಇಷ್ಟವೂ ಹೌದು, ಜನ ಹುಡುಕುವುದೂ ಹೌದು. ಆದರೂ ಅದು ಇವರ ಒಂದು ಫಸಲನ್ನು ತಿಂದಿತು. ಆದ್ದರಿಂದ ಈಗ ನನ್ನ ಬಳಿ ಬರುವವರಿಗೆ ಮೊದಲು ನಿಮ್ಮ ವರ್ಷವನ್ನು ಬರೆಯಿರಿ ಎನ್ನುತ್ತೇನೆ. ಯಾವ ತಿಂಗಳು ನಿಮ್ಮ ಹೊಟ್ಟೆಪಾಡಿನ ಕೆಲಸ ಕೈಬಿಡಲಾಗದು, ನಿಮ್ಮ ವಿಷಯ ಅದೇ ತಿಂಗಳಲ್ಲಿ ನಿಮ್ಮನ್ನು ಮನೆಯಿಂದ ಹೊರಗೆಳೆಯುತ್ತದೆಯೇ? ಅಧ್ಯಾಪಕರಿಗೆ ಪರೀಕ್ಷೆ, ಅಂಗಡಿಯವರಿಗೆ ದೀಪಾವಳಿ, ತೋಟದವರಿಗೆ ಜುಲೈ.

ಇನ್ನೊಂದು, ಆ ಮೂರನೆಯ ಕಾಲಂ. ಪ್ರಶ್ನೆಗಳನ್ನಷ್ಟೇ ನೋಡಿದ್ದರೆ ಇವರು ರೋಗದ ಚಾನೆಲ್ ಮಾಡುತ್ತಿದ್ದರು. ಯಾರು, ಎಲ್ಲಿಂದ ಕೇಳುತ್ತಿದ್ದಾರೆ ಎಂದು ನೋಡಿದ್ದರಿಂದ, ಬಾಯಲ್ಲಿ ಬಂದ ಪ್ರಶ್ನೆಯ ಹಿಂದಿನ ಪ್ರಶ್ನೆ ಕಂಡಿತು. ಚೇಣಿದಾರರ ವಿಚಾರದಲ್ಲಿ ನನ್ನ ಸಲಹೆ ತಪ್ಪಾಗಿತ್ತು ಎಂದು ಈಗ ಒಪ್ಪುತ್ತೇನೆ. ನಾನು ನಗರದವನ ಹಾಗೆ ಸಂಚಿಕೆ ನಿಜವೋ ಸುಳ್ಳೋ ಎಂದಷ್ಟೇ ನೋಡಿದೆ. ಅಣ್ಣ ನಾಳೆ ಬೆಳಿಗ್ಗೆ ಅದೇ ದಾರಿಯಲ್ಲಿ ಅದೇ ಮನುಷ್ಯರಿಗೆ ಎದುರಾಗಬೇಕಾದವರು. ಊರೊಳಗಿದ್ದು ಊರಿನ ವಿಷಯ ಮಾತನಾಡುವವರು ಎದುರಿನವರಿಗೂ ಮೈಕ್ ಕೊಡಲು ಸಿದ್ಧರಿಲ್ಲದಿದ್ದರೆ ಆ ವಿಷಯ ಅವರಿಗೆ ಹೆಚ್ಚು ದಿನ ದಕ್ಕುವುದಿಲ್ಲ.

ಹಣದ ವಿಚಾರ ಚಿಕ್ಕದು. ಯೂಟ್ಯೂಬ್ ಜಾಹೀರಾತಿನ ಪಾಲು ಕೊಡಲು ಸಾವಿರ ಚಂದಾದಾರರು ಮತ್ತು ಹನ್ನೆರಡು ತಿಂಗಳಲ್ಲಿ ನಾಲ್ಕು ಸಾವಿರ ಗಂಟೆಗಳ ವೀಕ್ಷಣೆ ಬೇಕು. ಇವರು ಅದನ್ನು ದಾಟಿದ್ದು 2024ರ ಕೊನೆಗೆ. ಬರುವುದು ಪೆಟ್ರೋಲಿಗೆ, ಮೊಬೈಲ್ ಖರ್ಚಿಗೆ ಆಗುತ್ತದೆ. ಅಷ್ಟೇ.

ಈಗ

ಜುಲೈನಲ್ಲಿ ಸಂಚಿಕೆ ಇರುವುದಿಲ್ಲ ಎಂದು ವರ್ಷದ ಆರಂಭದಲ್ಲೇ ಹೇಳಿಬಿಡುತ್ತಾರೆ. ಮೂಟೆಗಳು ಮಾರಾಟಕ್ಕೆ ಹೋದ ಮೇಲೆ ಕೋಣೆ ಖಾಲಿಯಾಗಿ ಧ್ವನಿ ಬದಲಾಗುತ್ತದೆ, ಆಗ ಗೋಡೆಗೆ ಕಂಬಳಿ ಕಟ್ಟುತ್ತಾರೆ. ಹಳೆಯ ಕೇಳುಗರು ಧ್ವನಿ ಕೇಳಿಯೇ "ಈ ಸಲ ಬೇಗ ಕೊಟ್ಟಿರಾ?" ಎಂದು ವಿಚಾರಿಸುತ್ತಾರಂತೆ.

2025ರ ಜುಲೈ 14ರಂದು ಸಿಗಂದೂರಿನ ಸೇತುವೆ ಉದ್ಘಾಟನೆಯಾಯಿತು. ಅಂಬಾರಗೋಡ್ಲು ಮತ್ತು ಕಳಸವಳ್ಳಿಯ ನಡುವೆ ಲಾಂಚ್ (ಯಂತ್ರದ ದೋಣಿ) ಕಾಯುತ್ತಿದ್ದ ಜನ ಶರಾವತಿ ಹಿನ್ನೀರಿನ ಮೇಲೆ ವಾಹನದಲ್ಲಿ ದಾಟಿದರು. ಜಿಲ್ಲೆಯಲ್ಲಿ ಕ್ಯಾಮೆರಾ ಇದ್ದವರೆಲ್ಲ ಅಲ್ಲಿದ್ದರು ಎನ್ನಬೇಕು. ಅಣ್ಣನಿಗೂ ನಾಲ್ಕು ಮಂದಿ ಕರೆ ಮಾಡಿ ಹೊರಡೋಣ ಎಂದರು. ಆ ವಾರ ಎರಡನೆಯ ಔಷಧಿ. ನಾನು ಫೋನ್ ಮಾಡಿದಾಗ ಹಿಂದಿನಿಂದ ಪಂಪಿನ ಸದ್ದು, ಕೊನೆಗೌಡ ಮೇಲಿನಿಂದ ಏನೋ ಕೂಗುತ್ತಿದ್ದ.

ಹತ್ತು ದಿನ ಬಿಟ್ಟು ಹಿನ್ನೀರಿನ ಆಚೆಯ ಒಬ್ಬರು ಅಣ್ಣನಿಗೆ ಕರೆ ಮಾಡಿದರು. ಇಷ್ಟು ವರ್ಷ ಲಾಂಚ್ ದಾಟಿ ಅವರ ತೋಟಕ್ಕೆ ಬರುತ್ತಿದ್ದ ಚೇಣಿದಾರರು ಒಬ್ಬರೇ. ಈಗ ಹೊಸದಾಗಿ ಇಬ್ಬರು ಬಂದು ಹೆಚ್ಚಿನ ದರ ಹೇಳುತ್ತಿದ್ದಾರೆ. ಲಾಂಚ್ ಇಲ್ಲದ ರಾತ್ರಿಯಲ್ಲೂ ಹಣ ತಂದುಕೊಟ್ಟ ಹಳಬರಿಗೆ ಏನು ಹೇಳಲಿ? ಅಣ್ಣ ಅದನ್ನು ಪುಸ್ತಕದಲ್ಲಿ ಬರೆದುಕೊಂಡಿದ್ದಾರೆ. ದಿನಾಂಕ, ಪ್ರಶ್ನೆ, ಎಲ್ಲಿಂದ. ಹಳೆಯ ಚೇಣಿದಾರರನ್ನೂ ಹೊಸಬರನ್ನೂ ಒಟ್ಟಿಗೆ ಕೂರಿಸಲು ದಿನ ಹುಡುಕುತ್ತಿದ್ದಾರೆ.